ಕುಂದಾದ ಶೋಧನೆ

ಲೆಂಟ್‌ನ ನಾಲ್ಕನೆಯ ಭಾನುವಾರ, ಬೆಳಿಗ್ಗೆ ಏಳೂವರೆಗೂ ಏಳೂ ಐವತ್ತಕ್ಕೂ ನಡುವೆ, ಮಲಾಡ್‌ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒಂದು ಕಿಲೋ ಬೆಳಗಾವಿ ಕುಂದಾ ಅರ್ಧ ಕಿಲೋ ಆಯಿತು. ಆ ವೇಳೆ ಸ್ಥಳದಲ್ಲಿದ್ದವನು ನಾನೊಬ್ಬನೇ. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇತರರ ತಪ್ಪುಗಳನ್ನು ಎರಡು ಕಾಲಂಗೆ ಕತ್ತರಿಸಿ ಕೂರಿಸಿದವನಿಗೆ, ತನ್ನ ತಪ್ಪನ್ನು ಬರೆಯುವಾಗಲೂ ಹೊತ್ತು, ಸ್ಥಳ, ತೂಕ ಮೊದಲು ಬರುತ್ತವೆ. ಪಶ್ಚಾತ್ತಾಪ, ಜಾಗ ಉಳಿದರೆ.

ಈಸ್ಟರ್‌ಗೆ ಮೊದಲಿನ ಈ ನಲವತ್ತು ದಿನ ನಮ್ಮವರು ತಮಗೆ ಇಷ್ಟವಾದದ್ದೊಂದನ್ನು ಬಿಡುತ್ತಾರೆ. ನಾನು ಸಿಹಿ ಬಿಟ್ಟಿದ್ದೆ. ಬಿಟ್ಟದ್ದಕ್ಕಿಂತ ಹೆಚ್ಚಾಗಿ, ಬಿಟ್ಟಿದ್ದೇನೆಂದು ಹೇಳಿಕೊಂಡು ತಿರುಗಿದ್ದೆ. ಅದು ಅಯ್ಯನವರ ಕಿವಿಗೆ ಬಿತ್ತು. ನಮ್ಮ ಪಾದ್ರಿಗಳನ್ನು ನಾವು ಕರೆಯುವುದೇ ಹಾಗೆ. ಅಂಧೇರಿಯ ನಮ್ಮ ಕನ್ನಡ ಸಭೆಯಲ್ಲಿ ಆ ಭಾನುವಾರ ಶೋಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಲು ಅವರು ನನಗೇ ಹೇಳಿದರು. ಶೋಧನೆ ಎಂದರೆ ಊರಿಗೆಲ್ಲ ಹುಡುಕಾಟ, ಸಂಶೋಧನೆ. ನಮ್ಮ ಚರ್ಚಿನ ಕನ್ನಡದಲ್ಲಿ ಮಾತ್ರ ಅದು ಪಾಪಕ್ಕೆ ಎಳೆಯುವ ಆಮಿಷ; ನಮ್ಮನ್ನು ಶೋಧನೆಗೆ ಒಳಪಡಿಸಬೇಡ ಎಂದು ಪ್ರತಿ ಭಾನುವಾರ ದೇವರನ್ನು ಬೇಡುತ್ತೇವೆ. ಇದು ಗೊತ್ತಿಲ್ಲದ ನನ್ನ ಮಗಳು ಪ್ರೀತಿ ಒಮ್ಮೆ, "ಪಪ್ಪಾ, ಮೈ ತೋ ಪಿಎಚ್‌ಡಿ ಕರ್ ರಹೀ ಹೂಂ. ಫಿರ್ ಎವ್ರಿ ಸಂಡೇ ಶೋಧನೆ ಬೇಡಾ ಅಂತ ಪ್ರೇಯರ್ ಯಾಕೆ?" ಎಂದು ಕೇಳಿದ್ದಳು. ಅವಳ ಪ್ರಬಂಧ ಮೂರು ವರ್ಷದಿಂದ ಮುಂದೆ ಹೋಗದಿರುವುದಕ್ಕೆ ಅವಳು ಈಗಲೂ ನಮ್ಮ ಸಭೆಯ ಮೇಲೆಯೇ ಅನುಮಾನಪಡುತ್ತಾಳೆ.

ಹಾಲನ್ನು ಕೆಂಪಗಾಗುವವರೆಗೆ ಬತ್ತಿಸಿ ಮಾಡುವ ಆ ಕುಂದಾವನ್ನು ಶನಿವಾರ ತಂದುಕೊಟ್ಟವನು ನನ್ನ ಭಾವಮೈದುನ. ಅದು ಅಯ್ಯನವರಿಗೆಂದು ತಂದದ್ದು. ಅವರು ಬೆಳಗಾವಿಯವರು, ಎರಡು ವರ್ಷದಿಂದ ಊರು ಕಂಡಿಲ್ಲ. "ಡಬ್ಬಿ ಮುಟ್ಟೀರಿ ಮತ್ತ!" ಎಂದು ಎಚ್ಚರಿಸಿ ನನ್ನ ಹೆಂಡತಿ ಸುಶೀಲಾ ಮರುದಿನ ಬೆಳಿಗ್ಗೆ ಸೀರೆ ಇಸ್ತ್ರಿ ಮಾಡಲು ಒಳಗೆ ಹೋದಳು. ನಾನು ಭಾಷಣದ ಟಿಪ್ಪಣಿ ಬರೆಯುತ್ತಿದ್ದೆ: 'ಆಸೆ ಹೊರಗಿನಿಂದ ಬರುವುದಿಲ್ಲ, ಒಳಗೇ ಇರುತ್ತದೆ. ಅದಕ್ಕೆ ದಿನ ತುಂಬಿದರೆ ಹುಟ್ಟುವುದು ಪಾಪ.' ಇಷ್ಟು ಬರೆದಾಗ, ಮುಂಬೈ ಸೆಕೆಗೆ ಕುಂದಾ ಹುಳಿಯಾಗಿದ್ದರೆ ಅಯ್ಯನವರ ಹೊಟ್ಟೆಯ ಗತಿ ಏನು ಎಂಬ ಕಾಳಜಿ ಹುಟ್ಟಿತು. ಪಾಪಕ್ಕಿಂತ ಮೊದಲು ಕಾಳಜಿ ಹುಟ್ಟುತ್ತದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಚಮಚ ನೋಡಿದೆ. ಹುಳಿಯಾಗಿರಲಿಲ್ಲ. ಆದರೆ ಒಂದೇ ಮೂಲವನ್ನು ನಂಬಿ ಸುದ್ದಿ ಮಾಡಬಾರದೆಂಬುದು ಡೆಸ್ಕಿನ ನಿಯಮ. ಇನ್ನೊಂದು ಮೂಲೆಯಿಂದ ಖಚಿತಪಡಿಸಿಕೊಂಡೆ. ಎರಡು ಮೂಲೆಗಳಲ್ಲಿ ಗುಂಡಿ ಬಿದ್ದು ನಡುವಿನ ದಿಬ್ಬ ಎದ್ದು ಕಂಡಿತು. ಅದನ್ನು ಸಮ ಮಾಡಲು ಹೋದರೆ ನಡುವೆ ಗುಂಡಿ ಬಿತ್ತು. ಮತ್ತೆ ಅಂಚುಗಳನ್ನು ಸಮ ಮಾಡಿದೆ. ಏಳೂ ಐವತ್ತಕ್ಕೆ ಕುಂದಾ ಪೂರ್ತಿ ಸಮತಟ್ಟಾಗಿತ್ತು, ಡಬ್ಬಿಯ ಅರ್ಧಕ್ಕೆ. ಅರ್ಧ ಕಿಲೋದ ಸ್ಟೀಲ್ ಡಬ್ಬಿಯೊಂದಕ್ಕೆ ವರ್ಗಾಯಿಸಿದೆ. ಅಂಚಿನವರೆಗೆ ತುಂಬಿತು.

ಹಳಿ ದುರಸ್ತಿಗೆಂದು ಭಾನುವಾರದ ಬ್ಲಾಕ್ ಇದ್ದುದರಿಂದ ನಮ್ಮ ಲೋಕಲ್ ರೈಲು ಗೋರೆಗಾಂವ್ ಬಳಿ ಬಹಳ ಹೊತ್ತು ನಿಂತಿತು. ಸುಶೀಲಾ ಸುಮ್ಮನೆ ಕೂರಲಾರದೆ ಚೀಲ ತೆರೆದಳು.

"ಏನ್ರೀ, ಡಬ್ಬಿ ಯಾಕ ಸಣ್ಣದಾಗೇದ?"

"ದೊಡ್ಡದು ಸೀಳಿತ್ತು."

"ಸೀಳಿದ್ರ ಕುಂದಾ ಸೋರಿ ಹೋಗ್ತದೇನ್ರೀ? ಅದೇನ್ ನೀರೇನು?"

ಪಾಪ ಒಂಟಿಯಾಗಿ ಹುಟ್ಟಿರಲಿಲ್ಲ. ಸೀಳಿದ ಡಬ್ಬಿಯ ಸುಳ್ಳು ಅದರ ಅವಳಿ. ಮೂರನೆಯದು ಹುಟ್ಟುವ ಮೊದಲೇ ಎದುರಿನ ಸೀಟಿನ ಮರಾಠಿ ಅಜ್ಜಿ ನನ್ನ ಮುಖದತ್ತ ಬೆರಳು ತೋರಿಸಿ, "ಭಾವೂ, ಮಿಶೀಲಾ ಕಾಹೀತರೀ ಲಾಗಲಂಯ್," ಎಂದರು. ಮೀಸೆಗೆ ಏನೋ ಹತ್ತಿದೆಯಂತೆ. ಸುಶೀಲಾ ಸೆರಗಿನಿಂದ ನನ್ನ ಮೀಸೆ ಒರೆಸಿ, ಸೆರಗನ್ನು ಮೂಸಿ ನೋಡಿದಳು. ಅಂಧೇರಿಯಲ್ಲಿ ಇಳಿಯುವಾಗ, "ನಡೀರಿ. ಮಾತಾಡ್ರಿ ಈಗ, ಶೋಧನೀ ಮ್ಯಾಲೆ," ಎಂದಳು.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು ಅವಳು ನನ್ನನ್ನು ನೋಡುತ್ತಿದ್ದಳು. ಟಿಪ್ಪಣಿ ಮಡಚಿಟ್ಟು, ನಡೆದದ್ದನ್ನು ನಡೆದಂತೆ, ವೇಳೆ ಸಮೇತ ವರದಿ ಮಾಡಿದೆ. ಹೆಂಗಸರ ಸಾಲು ಬಿದ್ದು ಬಿದ್ದು ನಕ್ಕಿತು. ಅಯ್ಯನವರು ನಗಲಿಲ್ಲ. ಎದ್ದು ನಿಂತು, "ಸಿಹಿ ತಿಂದದ್ದಕ್ಕ ಹಳಹಳಿ ಮಾಡ್ಕೋಬ್ಯಾಡ್ರಿ. ಭಾನುವಾರ ಆ ನಲವತ್ತು ದಿನದಾಗ ಬರೂದಿಲ್ಲ," ಎಂದರು.

ಹಿಂದಿನ ಮೂರು ಭಾನುವಾರ ನಾನು ಕೈಮುಗಿದು ವಾಪಸು ಕಳಿಸಿದ ಪಾಯಸದ ಬಟ್ಟಲುಗಳು ಸಾಲಾಗಿ ಕಣ್ಣ ಮುಂದೆ ಹೋದವು. ಆದರೂ ಜೀವ ಬಂದಂತಾಯಿತು. "ಹಂಗಾರ ನನ್ನ ತಪ್ಪಿಲ್ಲಂತೀರಿ?" ಎಂದು ಕೇಳಿದೆ.

"ಸಿಹಿ ತಿಂದದ್ದು ತಪ್ಪಲ್ರೀ," ಎಂದರು ಅಯ್ಯನವರು. "ನಂದು ತಿಂದದ್ದು ತಪ್ಪು."

ಮುಂದಿನ ಭಾನುವಾರ ಕ್ಷಮೆಯ ಬಗ್ಗೆ ಮಾತಾಡಲು ಅವರು ಸುಶೀಲಾಳನ್ನು ಕೇಳಿಕೊಂಡಿದ್ದಾರೆ. ಗುರುವಾರ ಸಂಜೆಯವರೆಗೆ ಆಕೆ ತಯಾರಿ ಆರಂಭಿಸಿಲ್ಲ.