ಬೇರಿಗೆಷ್ಟು, ಎಲೆಗೆಷ್ಟು?

ಎಳೆಯ ಹುಲ್ಲು ತನ್ನ ಬೆಳವಣಿಗೆಯನ್ನು ಬೇರಿಗೆಷ್ಟು, ಎಲೆಗೆಷ್ಟು ಹಂಚುತ್ತದೆ ಎಂದು ಮೊದಲೇ ಹೇಳಬಲ್ಲ ಲೆಕ್ಕದ ಮಾದರಿಯೊಂದನ್ನು ನಾನು ಕಂಪ್ಯೂಟರಿನಲ್ಲಿ ತಯಾರಿಸಿದ್ದೆ. ಮಣ್ಣಿನಲ್ಲಿ ಸಾರ ಕಡಿಮೆಯಾದರೆ ಹುಲ್ಲು ಬೇರನ್ನೇ ಹೆಚ್ಚು ಬೆಳೆಸಬೇಕು. ಮೂಡಿಗೆರೆಯಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾದ ನಾನೇ ಹೇಳಿದ ಮೇಲೆ ಹುಲ್ಲು ಕೇಳದಿರುತ್ತದೆಯೇ?

ಕೇಳಲಿಲ್ಲ! ಬರೀ ಮರಳು ತುಂಬಿದ ಕುಂಡಗಳಲ್ಲಿ ಬಿತ್ತಿದರೂ ಎಲೆಗಳೇ ಸೊಂಪಾಗಿ ಎದ್ದವು. ನನಗೆ ಮೈಯೆಲ್ಲ ಉರಿಯಿತು.

"ಈ ಹುಲ್ಲಿಗೆ ಶಿಸ್ತೇ ಇಲ್ಲ!"

"ಹುಲ್ಲಿಗೆ ಯಾಕೆ ಬೈತೀರಿ ಮಾರಾಯ್ರೆ? ಪಾಪ, ಬಡವಾಗಿದ್ವು ಅಂತ ನಾನೇ ದಿನಾ ಸಗಣಿ ನೀರು ಹಾಕ್ತಿದ್ದೆ," ಎಂದಳು ಹೆಂಡತಿ ಸುಮಿತ್ರಾ.

ವಿಜ್ಞಾನಕ್ಕೆ ಬಗೆದ ದ್ರೋಹ! ಮಹಡಿಯ ಕೋಣೆಯ ಕಿಟಕಿಯಲ್ಲಿ ಮತ್ತೆ ಬಿತ್ತಿ, ಬಾಗಿಲಿಗೆ ಬೀಗ ಜಡಿದೆ. ಈ ಸಲ ಹುಲ್ಲು ವಿಧೇಯವಾಗಿ ಬೇರು ಬಿಟ್ಟಿತು. ಕಿತ್ತು, ತೊಳೆದು, ಬೇರನ್ನೂ ಎಲೆಯನ್ನೂ ಪ್ರತ್ಯೇಕಿಸಿದೆ. ಇನ್ನು ಒಣಗಿಸಿ ತೂಗಿದರಾಯಿತು. ಆದರೆ ನಮ್ಮೂರ ಮಳೆಗಾಲದಲ್ಲಿ ಕರ್ಚೀಫೂ ಒಣಗುವುದಿಲ್ಲ. ಎರಡು ಪೊಟ್ಟಣ ಕಟ್ಟಿ ಅಡುಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಿಟ್ಟೆ.

ತೂಕ ನೋಡಲು ಚಿಕ್ಕಮಗಳೂರಿನಿಂದ ನನ್ನ ಹಳೆಯ ಗುರುಗಳೇ ಬಂದರು. ಲೆಕ್ಕ ಸರಿಹೊಂದಿದರೆ ವಿಚಾರಸಂಕಿರಣದಲ್ಲಿ ನನ್ನಿಂದ ಭಾಷಣ ಮಾಡಿಸುವವರಿದ್ದರು. ಸುಮಿತ್ರಾ ಇಬ್ಬರಿಗೂ ಕುಡಿಯಲು ನೀರು ತಂದಳು.

"ಲಾವಂಚ ಹಾಕಿದೀನಿ ಸಾರ್."

ಗುರುಗಳು ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಏನೋ ಮಣ್ಣಿನ ವಾಸನೆ ಮಾರಾಯ."

"ಅದೇ ಸಾರ್ ಲಾವಂಚದ ಗುಣ! ಬೇರೆ ಹುಲ್ಲಿನ ಬೇರಿಗೆ ಈ ಘಮ ಎಲ್ಲಿಂದ ಬರಬೇಕು?" ಎಂದು ಪಾಠ ಮಾಡಿ, ನಾನು ಎರಡು ಲೋಟ ಕುಡಿದೆ. ಆಮೇಲೆ ಗಂಭೀರವಾಗಿ, "ಸುಮಿತ್ರಾ, ಒಲೆ ಮೇಲಿನ ಬೇರು ತಗೊಂಡು ಬಾ," ಎಂದೆ.

"ಅದೇ ಅಲ್ವಾ ಲಾವಂಚ? ನೀರಿಗೆ ಹಾಕಿದ್ನಲ್ಲ!"

ನಾನು ಧಡಕ್ಕನೆ ಎದ್ದು ನಿಂತೆ. "ಎಲೆ?"

"ಮಜ್ಜಿಗೆಹುಲ್ಲು ಅಂದ್ಕೊಂಡೆ. ಕಷಾಯಕ್ಕೆ ಕುದೀತಾ ಇದೆ."

"ಪೊಟ್ಟಣ ಬಿಚ್ಚೋ ಮೊದ್ಲು ಒಂದು ಮಾತು ಕೇಳ್ಬಾರ್ದಾ?" ಎಂದು ಗುಡುಗಿದೆ.

"ಅಡುಗೆಮನೇಲಿ ಇಟ್ಟಿದ್ದನ್ನ ಅಡುಗೆಗೆ ಬಳಸ್ದೆ. ನೀವು ಒಂದು ಮಾತು ಹೇಳ್ಬಾರ್ದಾ?" ಅವಳ ದನಿ ನನ್ನದಕ್ಕಿಂತ ಎತ್ತರದಲ್ಲಿತ್ತು.

ಗುರುಗಳು ಕೊಡೆ ಎತ್ತಿಕೊಂಡರು. ವಿಚಾರಸಂಕಿರಣದ ಮಾತೇ ಇಲ್ಲ! ಬಾಗಿಲಲ್ಲಿ ನಿಂತು ನನ್ನನ್ನೇ ದಿಟ್ಟಿಸಿದರು.

"ಅವ್ರಿಗೆ ಗೊತ್ತಾಗ್ಲಿಲ್ಲ, ಸರಿ. ಎರಡು ಲೋಟ ಕುಡಿದೂ ಯಾವ ಬೇರು ಅಂತ ನಿಂಗೆ ಗೊತ್ತಾಗ್ಲಿಲ್ವಲ್ಲೋ!"

ಇಂಥ ಅವಮಾನವನ್ನು ಸಹಿಸಲುಂಟೇ? ತಕ್ಕ ಉತ್ತರ ಕೊಡಲು ಎದೆಯುಬ್ಬಿಸಿ ಬಾಯಿ ತೆರೆದೆ.

ತೇಗು ಬಂತು.