ಕಾರು ಬೇಡವೆಂದವನ ರೈಲು ಪ್ರವಾಸ

"ಕಾರಿಟ್ಕೊಂಡವನು ಬೆಟ್ಟ ನೋಡಿದ್ದುಂಟಾ? ಮುಂದಿರೋ ಲಾರಿಯ ಬೆನ್ನು ನೋಡ್ತಾನೆ, ಅಷ್ಟೇ!" ಎಂಬುದು ಕನ್ನಡಕದಣ್ಣನ ಘನ ಸಿದ್ಧಾಂತ. ಅವನದು ಕನ್ನಡಕದ ಅಂಗಡಿ. ಕಣ್ಣು ತಪಾಸಣೆಯ ಚೌಕಟ್ಟು ಮೂಗಿನ ಮೇಲೆ ಕೂತಮೇಲೆ ಗಿರಾಕಿ ಎದ್ದು ಓಡುವ ಹಾಗಿಲ್ಲವಲ್ಲ, ಆಗ ಉಪದೇಶ ಶುರು. ಗೋಡೆಯ ಮೇಲಿನ ಅಕ್ಷರ ಓದಿ ಮುಗಿಸುವಷ್ಟರಲ್ಲಿ, ಈ ಮಹಾನಗರದಿಂದ ಕಾರಿಲ್ಲದೆ ಹೋಗಿಬರಬಹುದಾದ ಚೆಂದದ ರೈಲುದಾರಿಗಳು ಮೂರಾದರೂ ಗಿರಾಕಿಯ ಕಿವಿಗೆ ಬಿದ್ದಿರುತ್ತಿದ್ದವು.

ಮನೆಯಲ್ಲಂತೂ ಕೇಳಲೇಬೇಡಿ. ತಿಂಗಳಿಗೊಮ್ಮೆ ಮಂಚದ ಮೇಲೆ ರೈಲು ವೇಳಾಪಟ್ಟಿ ಹರಡಿ 'ಪ್ರವಾಸ ನಿರ್ಣಯ ಮಹಾಸಭೆ'. ಅಧ್ಯಕ್ಷನೂ ಅವನೇ, ನಿರ್ಣಯವೂ ಅವನದೇ. ಹೆಂಡತಿ ಮತ್ತು ಹನ್ನೆರಡು ವರ್ಷದ ಮಗಳು ಇರುವುದು ತಲೆಯಾಡಿಸುವುದಕ್ಕೆ.

"ರೀ, ಆ ಬೆಟ್ಟದ ಮೇಲಿನ ಕೆರೆ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಬಡ್ಕೋತಾ ಇದೀನಿ."

"ಸ್ಟೇಷನ್ನಿಂದ ಇಪ್ಪತ್ತು ಮೈಲಿ ಕಣೇ! ರೈಲು ಹೋಗದಿರೋ ಜಾಗದಲ್ಲಿ ನೋಡೋಕೆ ಏನಿರುತ್ತೆ, ಮಣ್ಣು!"

"ನಮಗೂ ಒಂದು ಕಾರು ಅಂತ ಇದ್ದಿದ್ರೆ..."

"ಕಾರಿನ ಮಾತು ಎತ್ತಬೇಡ. ಹೊಗೆ, ಧೂಳು, ಹಾರನ್ನು. ಥೂ!"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಿಜ ಏನಪ್ಪಾ ಅಂದರೆ, ಈ ಪ್ರಕೃತಿಪ್ರಿಯ ಮಹಾಶಯ ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ನಪಾಸು. (ನಾಲ್ಕು ಸಲವೂ ಮನೆಯಲ್ಲಿ ಹೇಳಿದ್ದು: "ಉಚಿತ ಕಣ್ಣು ತಪಾಸಣಾ ಶಿಬಿರ ಇದೆ, ಲೇಟಾಗುತ್ತೆ.") ಕೊನೆಯ ಸಲ ರಿವರ್ಸ್ ತೆಗೆಯುವಾಗ ಪರೀಕ್ಷೆ ಮಾಡುವ ಸಾಹೇಬರ ಕುರ್ಚಿಯನ್ನೇ ಪುಡಿ ಮಾಡಿದ್ದ. ಪುಣ್ಯಕ್ಕೆ ಸಾಹೇಬರು ಬೈಯುವುದಕ್ಕೆಂದು ಎದ್ದು ನಿಂತಿದ್ದರು. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನಿಗೆ ಹಿಂದಿದ್ದ ಕುರ್ಚಿ ಕಾಣಲಿಲ್ಲ ಅಂತ ಹೇಳಿಕೊಳ್ಳುವುದಾದರೂ ಹೇಗೆ?

ಅದು ಹಾಗೇ ಮುಚ್ಚಿಹೋಗುತ್ತಿತ್ತೇನೋ. ಆದರೆ ಮಗಳು ಶಾಲೆಯಲ್ಲಿ ಪ್ರಬಂಧ ಬರೆದಳು: 'ನನ್ನ ಅಪ್ಪನಿಗೆ ಕಾರು ಓಡಿಸಲು ಚೆನ್ನಾಗಿ ಬರುತ್ತದೆ. ಆದರೆ ಪ್ರಕೃತಿಗಾಗಿ ತ್ಯಾಗ ಮಾಡಿದ್ದಾರೆ.' ಬಹುಮಾನ ಬೇರೆ ಬಂತು. ಕೆಳಗೆ ಪೋಷಕರ ಸಹಿ ಹಾಕುವಾಗ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ ಹಾಕಿದ್ದ. ಅವತ್ತಿನಿಂದ ಅವನಿಗೆ ಒಂದೇ ಭಯ, ಮಗಳಿಗೆ ಗೊತ್ತಾಗಬಾರದು.

ಈ ಭಾನುವಾರದ ನಿರ್ಣಯ, ಹೊಳೆಯ ಪಕ್ಕದಲ್ಲೇ ಹೋಗುವ ರೈಲು. ಎಡಗಡೆಯ ಕಿಟಕಿ ಹಿಡಿದಾಯಿತು. ಎರಡನೇ ಸ್ಟೇಷನ್ನಿನಲ್ಲಿ ದಪ್ಪ ಮೀಸೆಯವರೊಬ್ಬರು ಹತ್ತಿ ಎದುರಿಗೇ ಕೂತರು. ಕನ್ನಡಕದಣ್ಣ ಒಂದೇ ನೋಟಕ್ಕೆ ಗುರುತು ಹಿಡಿದ. ಅದೇ ಮೀಸೆ! ಕುರ್ಚಿ ಸಾಹೇಬರು!

ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಕ್ಷಣ ಕನ್ನಡಕ ತೆಗೆದು ಜೇಬಿಗಿಳಿಸಿದ. ಇನ್ನು ತನ್ನ ಗುರುತು ಯಾರಿಗೂ ಸಿಗದು ಎಂಬ ಸಮಾಧಾನವಾಯಿತು. ಆದರೆ ಅವನಿಗೂ ಯಾರ ಗುರುತೂ ಸಿಗದಾಯಿತು.

"ಅಪ್ಪಾ, ನೋಡು ನೋಡು!"

"ಆಹಾ! ಹೊಳೆ ಹೇಗೆ ಬಿಸಿಲಿಗೆ ಹೊಳೀತಾ ಇದೆ!"

"ಅದು ತಗಡಿನ ಶೆಡ್ಡು ಅಪ್ಪ. ಹೊಳೆ ಆಗಲೇ ಹೋಯ್ತು."

"ಕನ್ನಡಕ ಹಾಕ್ಕೊಳ್ರೀ," ಎಂದಳು ಹೆಂಡತಿ.

"ಪ್ರಕೃತೀನ ಬರಿಗಣ್ಣಲ್ಲೇ ನೋಡ್ಬೇಕು ಕಣೇ!"

ಅಷ್ಟರಲ್ಲಿ ಸಾಹೇಬರು ಮುಂದಕ್ಕೆ ಬಾಗಿದರು. "ನಿಮ್ಮನ್ನ ಎಲ್ಲೋ ನೋಡಿದೀನಲ್ಲ?"

"ಇಲ್ಲ ಸಾರ್, ನಂದು ಎಲ್ಲರ ಥರದ ಮುಖ..."

"ನಿಮ್ಮನ್ನಲ್ಲ ರೀ, ಅಮ್ಮನವರನ್ನ! ಹೋದ ವರ್ಷ ಡ್ರೈವಿಂಗ್ ಪರೀಕ್ಷೆಗೆ ಬಂದಿದ್ರಲ್ವಾ ತಾಯಿ? ಒಂದೇ ಸಲಕ್ಕೆ ಪಾಸು! ನೀವು ರಿವರ್ಸ್ ತೆಗೆದದ್ದನ್ನ ಈಗಲೂ ಹೊಸಬರಿಗೆಲ್ಲ ಹೇಳ್ತಿರ್ತೀನಿ. ಹಿಂದೆ ಅದೇ ಜಾಗದಲ್ಲಿ ಒಬ್ಬ ಪುಣ್ಯಾತ್ಮ ನನ್ನ ಕುರ್ಚೀನೇ ಮುರಿದಿದ್ದ."

ಕನ್ನಡಕದಣ್ಣನಿಗೆ ಮೊದಲು ಬದುಕಿದೆಯಾ ಬಡಜೀವವೇ ಅನ್ನಿಸಿತು. ಮರುಕ್ಷಣವೇ ಗಂಡನ ಪೌರುಷ ಎದ್ದು ನಿಂತಿತು. ಹೆಂಡತಿಯ ಕಡೆ ಬಾಗಿ ಪಿಸುಗುಟ್ಟಿದ: "ಕಟ್ಕೊಂಡ ಗಂಡನಿಂದ ಮುಚ್ಚಿಟ್ಟಿದ್ದೀಯಾ? ಎಷ್ಟು ಧೈರ್ಯ!"

ಅವಳೂ ಅಷ್ಟೇ ಮೆಲ್ಲಗೆ ಹೇಳಿದಳು: "ನಪಾಸಿನ ಚೀಟೀನ ಜೇಬಲ್ಲೇ ಬಿಟ್ಟು ಶರ್ಟು ಒಗೆಯೋಕೆ ಹಾಕ್ತೀರಿ. ನಾಲ್ಕು ಸಲವೂ ಸಿಕ್ಕಿತ್ತು."

"ಮತ್ತೆ... ಯಾಕೆ ಹೇಳ್ಲಿಲ್ಲ?"

"ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ನನ್ನ ಲೈಸೆನ್ಸನ್ನೂ ಹೊಲಿಗೆ ಡಬ್ಬಿಯಲ್ಲಿ ಬಚ್ಚಿಟ್ಟೆ. ಕೆರೆ ಇನ್ನೊಂದು ಜನ್ಮಕ್ಕೆ ನೋಡಿದ್ರಾಯ್ತು ಬಿಡಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನ ಕಿವಿಯ ತುದಿಯವರೆಗೂ ನಾಚಿಕೆ ಏರಿತು. ಇಷ್ಟು ವರ್ಷ ಹೊಗೆ, ಧೂಳು ಎಂದು ಕೂಗಾಡಿದ್ದೆಲ್ಲ ನೆನಪಾಗಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಅದೂ ಅವನಿಗೆ ಕಾಣುತ್ತಿರಲಿಲ್ಲ. ಆ ಮುಖವನ್ನೊಮ್ಮೆ ಸರಿಯಾಗಿ ನೋಡಬೇಕು ಅನ್ನಿಸಿ, ಎಲ್ಲ ಮರೆತು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.

"ಅಯ್ಯಯ್ಯೋ! ಕುರ್ಚಿ!" ಎಂದು ಕಿರುಚಿದ ಸಾಹೇಬರು ಧಡಕ್ಕನೆ ಸೀಟು ಬಿಟ್ಟು ಎದ್ದು ನಿಂತರು.

ಇಡೀ ಬೋಗಿ ತಿರುಗಿ ನೋಡಿತು. ಮಗಳು ಸಾಹೇಬರನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪಾ, ಆ ಕುರ್ಚಿ ಮುರಿದವರು..."

"ನಾನೇ ಮಗಳೇ," ಎಂದ ಕನ್ನಡಕದಣ್ಣ, ತಲೆ ಎತ್ತದೆ. "ನಂಗೆ ಕಾರು ಓಡಿಸೋಕೆ ಬರಲ್ಲ."

ಸಾಹೇಬರು ಇನ್ನೂ ಕಂಬಿ ಹಿಡಿದುಕೊಂಡು ನಿಂತೇ ಇದ್ದರು. ಹೆಂಡತಿ ಸೆರಗಿನಿಂದ ಅವರ ಸೀಟಿನ ಧೂಳು ಒರೆಸಿದಳು.

"ಕೂತ್ಕೊಳ್ಳಿ ಸಾರ್, ಹೆದರ್ಬೇಡಿ. ರೈಲು ಇವರು ಓಡಿಸ್ತಾ ಇಲ್ಲ."