ಸೋನಾಬಾಯಿಯ ಊಟದ ತಾಟು

"ಮೊದಲ ನನ್ನ ತಾಟ ಬಿಚ್ಚರಿ."

"ಬಿಚ್ಚಾಕ ಬರಂಗಿಲ್ಲ. ನಟ್ ಬಿಗದೇನಿ."

"ತಾಟಿಗೆ ತೂತ ಎಲ್ಲಿತ್ತು?"

"ಹೊಡದೇನಿ. ನಿಮ್ಮ ಕಾಕಾನ ಹೆಸರಿನ ಮ್ಯಾಲ. ಅಲ್ಲಿ ಮೊದಲ ಚುಕ್ಕಿ ಚುಕ್ಕಿ ಕೊರದಿದ್ರು, ಹಗೂರ ಆತು."

ಸೋನಾಬಾಯಿ ದ್ರಾಕ್ಷಿ ತೋಟದ ಅಂಚಿನಲ್ಲಿ ನೆಟ್ಟ ಬಿದಿರಿನ ಗಳದ ತುದಿಯತ್ತ ನೋಡಿದಳು. ಮದುವೆಯಲ್ಲಿ ಕಾಕಾ ಹೆಸರು ಕೊರೆಸಿ ಕೊಟ್ಟ ಸ್ಟೀಲ್ ತಾಟು ಬಿಸಿಲಿಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಹಳೆಯ ಟೇಪ್‌ರೆಕಾರ್ಡರಿನ ಮೋಟರ್, ಅದಕ್ಕೊಂದು ಸೈಕಲ್ ಕಡ್ಡಿ, ಕಡ್ಡಿಯ ತುದಿಗೆ ದಾರದಲ್ಲಿ ಕಟ್ಟಿದ ನಟ್ಟು. ಕೆಳಗೆ ಬ್ಯಾಟರಿಯ ನಾಲ್ಕು ಸೆಲ್ಲು. ಗಂಡ ಮುರಗೆಪ್ಪ ವೈರಿನ ಎರಡು ತುದಿ ಹಿಡಿದು ನಿಂತಿದ್ದ.

"ನಾಳೆ ದ್ರಾಕ್ಷಿ ನೋಡಾಕ ವ್ಯಾಪಾರಿ ಬರ್ತಾನ. ಹಕ್ಕಿ ಕುಕ್ಕಿದ ಗೊನಿ ಮುಟ್ಟಂಗಿಲ್ಲ ಅಂದಾನ. ಹಕ್ಕಿ ಓಡಬೇಕೋ ಬ್ಯಾಡೋ?"

"ಎಣ್ಣಿ ಡಬ್ಬಿ ಕಟ್ಟಬೇಕಿತ್ತು."

"ಕಟ್ಟಿ ನೋಡೇನಿ. ಬೆಕ್ಕ ಸೈತ ಕಣ್ಣ ತಗೀಲಿಲ್ಲ. ಈ ತಾಟಿನ ಸಪ್ಪಳ ಕೆನಾಲ್ ತನಕ ಹೋಗತೈತಿ. ದಿನಾ ಆಳುಗೋಳ್ನ ಊಟಕ್ಕ ಕರಿಯಾಕ ನೀ ಇದನ್ನ ಬಡೀತಿ."

"ಅದಕ್ಕ ಹೇಳಾಕತ್ತೇನ್ರಿ—"

"ಹೇಳಬ್ಯಾಡ. ನೋಡು."

ವೈರು ಕೂಡಿಸಿದ. ಠಣ್, ಠಣ್, ಠಣ್. ಬಳ್ಳಿಗಳ ಮೇಲಿಂದ ಗೊರವಂಕಗಳು ಭರ್ರನೆ ಎದ್ದವು.

"ಎದ್ದುವೋ ಇಲ್ಲೋ?"

"ಎದ್ದುವು."

ಅಷ್ಟರಲ್ಲಿ ಕೆಲಸದ ತಾರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬೇವಿನ ಗಿಡದ ಕೆಳಗೆ ಕೂತಳು. ಹಿಂದೆಯೇ ಇನ್ನೂ ನಾಲ್ವರು ಬಂದು ಕೂತರು.

"ವೈನಿ, ಇವತ್ತ ಒಂಬತ್ತಕ್ಕ ಊಟ ಏನ್ರಿ?"

"ಊಟ ಅಲ್ಲ ತಾರವ್ವ. ಯಂತ್ರ."

"ಹೌದೇನ್ರಿ," ಅಂದಳು ತಾರವ್ವ. ಏಳಲಿಲ್ಲ. "ಪಲ್ಯಾ ಏನೈತ್ರಿ?"

ತಾರವ್ವನ ಹಿಂದೆ ಗೊರವಂಕಗಳೂ ಬಂದಿಳಿದವು. ಬೇವಿನ ಸುತ್ತ ಸಾಲಾಗಿ ಕೂತವು. ಪಕ್ಕದ ಹೊಲದ ಮಹಾವೀರನ ತೋಟದ ಹಕ್ಕಿಗಳೂ ಬಂದವು.

ಮುರಗೆಪ್ಪ ಕೈಯಲ್ಲಿನ ವೈರಿನ ತುದಿಗಳನ್ನು ಬೇರೆ ಮಾಡಿದ. "ಇವ್ಯಾಕ ಇಲ್ಲಿ ಬಂದ್ವು?"

"ಎಲ್ಲಾರೂ ಉಂಡ ಮ್ಯಾಲ ಉಳದ ರೊಟ್ಟಿ ಮುರದ ಹಾಕ್ತೇನಿ. ಮೂರ ವರ್ಷ ಆತು. ತಾಟ ಬಡದ್ರ ಬರ್ತಾವ."

"ಮೊದಲ ಹೇಳಾಕ ಏನಾಗಿತ್ತು?"

"ಹೇಳಬ್ಯಾಡ ಅಂದ್ರಿ."

ಮುರಗೆಪ್ಪ ತೋಟದ ಕಡೆ ತಿರುಗಿದ. ಬಳ್ಳಿಯ ಮೇಲೆ ಒಂದೇ ಒಂದು ಹಕ್ಕಿ ಇರಲಿಲ್ಲ.

"ಹಂಗಾರ ಯಂತ್ರ ಬರೋಬ್ಬರಿ ಐತಿ. ತೋಟದಾಗ ಹಕ್ಕಿ ಇರಬಾರದು ಅಂದಿದ್ನಿ, ಇಲ್ಲ. ನಾಳೆ ವ್ಯಾಪಾರಿ ಹೋಗೂ ತನಕ ಇಲ್ಲೇ ಕುಂತ್ರ ಸಾಕು."

"ಕುಂಡ್ರತಾವ. ರೊಟ್ಟಿ ಬೇಕು."

"ಎಷ್ಟು?"

ಸೋನಾಬಾಯಿ ಹಕ್ಕಿಗಳನ್ನು ನೋಡಿದಳು. ತಾರವ್ವನನ್ನು ನೋಡಿದಳು.

"ಐವತ್ತ."

"ಮಾಡು ಮತ್ತ."

"ದಿನಾ ತಾಟೂ ನಾನ ಬಡೀತಿದ್ನಿ, ರೊಟ್ಟೀನೂ ನಾನ. ತಾಟಿಗೆ ಈಗ ಮೋಟರ್ ಬಂತು," ಎಂದು ಸೋನಾಬಾಯಿ ವೈರಿನ ತುದಿಗಳನ್ನು ಅವನ ಕೈಯಿಂದ ತೆಗೆದುಕೊಂಡಳು. "ನಿಮ್ಮ ಕೈ ಖಾಲಿ ಅದಾವ. ನಡೀರಿ ಒಲಿ ಮುಂದ."

ಮುರಗೆಪ್ಪ ಗಳವನ್ನೊಮ್ಮೆ ನೋಡಿ ಮನೆಯ ಕಡೆ ಹೊರಟ.

ಬೇವಿನ ಕೆಳಗಿಂದ ತಾರವ್ವ ಕೂಗಿದಳು: "ಅಣ್ಣಾರ, ಸ್ವಲ್ಪ ತೆಳ್ಳಗ ಬಡೀರಿ!"